ಹತ್ತಕ್ಕೆ ಆರು ಎಂದರೆ ಏನು? ಕನ್ನಡ ಶಿಕ್ಷಕರಿಗೊಂದು ಮೌಲ್ಯಮಾಪನ ಮಾರ್ಗದರ್ಶಿ

ಮೊದಲನೆಯ ರೂಪಣಾತ್ಮಕ ಮೌಲ್ಯಮಾಪನ ಮುಗಿದ ವಾರದಲ್ಲಿ ನಮ್ಮ ಶಾಲೆಗಳ ಶಿಕ್ಷಕರ ಕೊಠಡಿಗಳಲ್ಲಿ ನಡೆಯುವ ಕೆಲಸ ಬಹುಪಾಲು ಒಂದೇ. ಉತ್ತರಪತ್ರಿಕೆಗಳನ್ನು ತಿದ್ದಿ, ಅಂಕಗಳನ್ನು ಕೂಡಿಸಿ, ಅಂಕವಹಿಗೆ ಏರಿಸಿ, ಅಲ್ಲಿಂದ ಮಕ್ಕಳ ಕಲಿಕೆಯ ವಿವರ ದಾಖಲಿಸುವ ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶಕ್ಕೆ ತುಂಬುತ್ತೇವೆ. ತುಂಬಿ ಮುಗಿಸಿದಾಗ ಮೌಲ್ಯಮಾಪನವೂ ಮುಗಿಯಿತೆಂಬ ನಿರಾಳ ಭಾವ ಬರುತ್ತದೆ, ಮರುದಿನ ಮುಂದಿನ ಪಾಠ ಆರಂಭವಾಗುತ್ತದೆ. ನಾನೂ ಹಲವು ವರ್ಷ ಹೀಗೆಯೇ ನಡೆದುಕೊಂಡವನು. ಒಂದು ವರ್ಷ ನನ್ನ ತರಗತಿಯ ಇಬ್ಬರು ಮಕ್ಕಳಿಗೆ ಹತ್ತಕ್ಕೆ ಆರು ಅಂಕ ಬಂದಿತ್ತು. ಇಬ್ಬರ ಉತ್ತರಪತ್ರಿಕೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಬ್ಬನು ಪಾಠವನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರೂ ಎರಡು ಸಾಲಿಗಿಂತ ಹೆಚ್ಚು ಬರೆಯಲಾರದೆ ನಿಂತಿದ್ದನು. ಇನ್ನೊಬ್ಬಳು ಗೈಡಿನ ಉತ್ತರವನ್ನು ಅಚ್ಚುಕಟ್ಟಾಗಿ ಬಾಯಿಪಾಠ ಮಾಡಿ ಬರೆದಿದ್ದಳು, ಆದರೆ ಅದೇ ಪಾಠದ ಬಗ್ಗೆ ಬೇರೆ ರೀತಿಯಲ್ಲಿ ಕೇಳಿದ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದಳು. ಅಂಕವಹಿಯಲ್ಲಿ ಇಬ್ಬರೂ ಒಂದೇ ಆಗಿದ್ದರು. ಮರುದಿನ ಅವರಿಬ್ಬರಿಗೂ ಕಲಿಸಬೇಕಾಗಿದ್ದುದು ಮಾತ್ರ ಬೇರೆ ಬೇರೆ.

ಕಲಿಕೆ ನಡೆಯುತ್ತಿರುವಾಗಲೇ ಅದನ್ನು ತಿದ್ದಿ ರೂಪಿಸಲು ಮಾಡುವ ರೂಪಣಾತ್ಮಕ ಮೌಲ್ಯಮಾಪನ ಒಂದು ಬಗೆ, ಕಲಿಕೆ ಮುಗಿದ ಮೇಲೆ ಎಷ್ಟಾಯಿತೆಂದು ನಿರ್ಣಯಿಸುವ ಸಂಕಲನಾತ್ಮಕ ಮೌಲ್ಯಮಾಪನ ಇನ್ನೊಂದು ಬಗೆ. ಈ ಎರಡಕ್ಕೂ ಪ್ರತ್ಯೇಕ ಹೆಸರು ಕೊಟ್ಟವರು ತತ್ವಶಾಸ್ತ್ರಜ್ಞ ಮೈಕೆಲ್ ಸ್ಕ್ರಿವೆನ್, 1967ರಲ್ಲಿ. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೆಯ ಸೆಕ್ಷನ್ನು ಮಗುವಿನ ತಿಳಿವಳಿಕೆಯನ್ನೂ ಅದನ್ನು ಬಳಸುವ ಸಾಮರ್ಥ್ಯವನ್ನೂ ನಿರಂತರವಾಗಿ ಮತ್ತು ವ್ಯಾಪಕವಾಗಿ ಅಳೆಯಬೇಕೆಂದು ಹೇಳುವುದರ ಜೊತೆಗೆ, ಮಗು ಭಯ ಮತ್ತು ಆತಂಕಗಳಿಂದ ಮುಕ್ತವಾಗಿರಬೇಕೆಂದೂ ಹೇಳುತ್ತದೆ. ಅದರಂತೆ ಕರ್ನಾಟಕದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಪದ್ಧತಿ ಬಂತು. ಹೆಸರು ರೂಪಣಾತ್ಮಕವಾಗಿದ್ದರೂ ಬಳಕೆಯಲ್ಲಿ ಅವು ನಾಲ್ಕು ಕಿರುಪರೀಕ್ಷೆಗಳಾಗಿ ಉಳಿದಿರುವ ಶಾಲೆಗಳು ಬಹಳ ಇವೆ. ಇದಕ್ಕೆ ಶಿಕ್ಷಕರ ಅಸಡ್ಡೆ ಕಾರಣವೆಂದು ನಾನು ಒಪ್ಪುವುದಿಲ್ಲ. ಮಗುವಿನ ಉತ್ತರವನ್ನು ಓದಿ ಅದರಿಂದ ಮರುದಿನದ ಪಾಠವನ್ನು ಕಟ್ಟುವುದು ಹೇಗೆಂದು ಉದಾಹರಣೆ ಸಮೇತ ತೋರಿಸಿಕೊಟ್ಟವರು ನಮಗೆ ಕಡಿಮೆ. ಈ ಲೇಖನದಲ್ಲಿ ಆ ಕೆಲಸವನ್ನು ಹಂತಹಂತವಾಗಿ ಹೇಳಲು ಪ್ರಯತ್ನಿಸಿದ್ದೇನೆ. ಉದಾಹರಣೆಗಳೆಲ್ಲ ಕನ್ನಡ ತರಗತಿಯವು.

ಮೊದಲ ಹಂತ: ಏನನ್ನು ಅಳೆಯುತ್ತೀರೆಂದು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ

ಪ್ರಶ್ನೆಪತ್ರಿಕೆಯ ನೀಲನಕ್ಷೆ ತಯಾರಿಸುವಾಗ ನಾವು ಸ್ಮರಣೆ, ಗ್ರಹಿಕೆ, ಅಭಿವ್ಯಕ್ತಿ, ಪ್ರಶಂಸೆ ಎಂಬ ಕಾಲಂಗಳಲ್ಲಿ ಅಂಕಗಳನ್ನು ಹಂಚುತ್ತೇವೆ. ಹಂಚಿಕೆ ಸರಿಯಾಗಿ ಕೂಡಿಬಂದರೆ ಸಾಕೆಂದು ಎಷ್ಟೋ ಬಾರಿ ಪ್ರಶ್ನೆಯನ್ನು ಅದಕ್ಕೆ ತಕ್ಕ ಕಾಲಮಿನಲ್ಲಿ ಕೂರಿಸಿಬಿಡುತ್ತೇವೆ. ಅದರ ಬದಲು ಪ್ರಶ್ನೆ ಬರೆಯುವ ಮೊದಲೇ ಹೀಗೊಂದು ವಾಕ್ಯವನ್ನು ಬರೆದುಕೊಳ್ಳಬೇಕು: “ಈ ಘಟಕ ಮುಗಿದಾಗ ಮಗು ತಾನು ಹಿಂದೆ ನೋಡಿರದ ಹತ್ತು ಸಾಲಿನ ಗದ್ಯವನ್ನು ಓದಿ, ಅದರ ಮುಖ್ಯ ವಿಷಯವನ್ನು ತನ್ನ ಮಾತಿನಲ್ಲಿ ಎರಡು ವಾಕ್ಯಗಳಲ್ಲಿ ಹೇಳಬಲ್ಲದು.” ಈ ವಾಕ್ಯ ಕೈಯಲ್ಲಿದ್ದರೆ ಯಾವ ಪ್ರಶ್ನೆ ಬೇಕು, ಯಾವುದು ಬೇಡ ಎಂಬುದು ತಾನೇ ತಿಳಿಯುತ್ತದೆ. ಪಠ್ಯಪುಸ್ತಕದ ಪಾಠದ ಮೇಲೆಯೇ ಕೇಳಿದ ಪ್ರಶ್ನೆ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಮಗು ಆ ಪಾಠವನ್ನು ಈಗಾಗಲೇ ಕೇಳಿದೆ, ಚರ್ಚಿಸಿದೆ, ಬಹುಶಃ ಉತ್ತರವನ್ನೂ ನೋಟ್ಸಿನಲ್ಲಿ ಬರೆದುಕೊಂಡಿದೆ. ಅಲ್ಲಿ ಅಳತೆಗೆ ಸಿಗುವುದು ನೆನಪಿನ ಶಕ್ತಿ.

ಗಾದೆ ವಿಸ್ತರಣೆಯನ್ನು ನೋಡಿ. “ಕೈ ಕೆಸರಾದರೆ ಬಾಯಿ ಮೊಸರು” ಎಂಬ ಗಾದೆಯನ್ನು ಕೊಟ್ಟಾಗ ಹತ್ತರಲ್ಲಿ ಎಂಟು ಉತ್ತರಗಳು ಗಾದೆಗಳು ಹಿರಿಯರ ಅನುಭವದ ಮಾತುಗಳು, ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದೇ ಆರಂಭವಾಗುತ್ತವೆ. ಯಾವ ಗಾದೆ ಕೊಟ್ಟರೂ ಆ ಪೀಠಿಕೆ ಹೊಂದುತ್ತದೆ, ಆದ್ದರಿಂದಲೇ ಅದನ್ನು ಕಲಿಸಲಾಗಿದೆ, ಆ ಪೀಠಿಕೆಗೆ ನಾವೇ ಅರ್ಧ ಅಂಕವನ್ನೋ ಒಂದು ಅಂಕವನ್ನೋ ಕೊಡುತ್ತಲೂ ಬಂದಿದ್ದೇವೆ. ಹಾಗೆ ಬರೆದ ಮಗುವಿಗೆ ಈ ಗಾದೆ ಅರ್ಥವಾಗಿದೆಯೇ ಎಂಬುದು ಮಾತ್ರ ನಮಗೆ ಗೊತ್ತಾಗುವುದಿಲ್ಲ. ತರಗತಿಯ ಮೌಲ್ಯಮಾಪನದಲ್ಲಿ, ಪಬ್ಲಿಕ್ ಪರೀಕ್ಷೆಯ ಮಾತು ಬೇರೆ, ಪ್ರಶ್ನೆಯನ್ನು ಹೀಗೆ ತಿರುಗಿಸಿ ಕೇಳಬಹುದು: “ನಿಮ್ಮ ಬೀದಿಯಲ್ಲಿ ಅಥವಾ ಮನೆಯಲ್ಲಿ ಈ ಗಾದೆ ಯಾರಿಗೆ ಒಪ್ಪುತ್ತದೆ? ಅವರು ದಿನವಿಡೀ ಮಾಡುವ ಕೆಲಸವನ್ನು ಐದು ವಾಕ್ಯಗಳಲ್ಲಿ ಬರೆಯಿರಿ. ಈ ಗಾದೆ ನಿಜವಾಗದ ಸಂದರ್ಭವನ್ನೂ ನೀವು ಕಂಡಿದ್ದರೆ ಅದನ್ನು ಎರಡು ವಾಕ್ಯಗಳಲ್ಲಿ ಹೇಳಿ.” ಕೊನೆಯ ಭಾಗಕ್ಕೆ ಮಕ್ಕಳು ಬರೆಯುವ ಉತ್ತರಗಳನ್ನು ಓದಿದರೆ ಹದಿಮೂರು ವರ್ಷದ ಮಕ್ಕಳು ಎಷ್ಟು ಯೋಚಿಸುತ್ತಾರೆಂಬುದು ತಿಳಿದು ಮನಸ್ಸು ತುಂಬುತ್ತದೆ. ಕೂಲಿಗೆ ಹೋಗುವ ತಾಯಿಯ ಕೈ ದಿನವೂ ಕೆಸರಾಗುತ್ತದೆ, ಮನೆಯಲ್ಲಿ ಮೊಸರು ಇರುವುದಿಲ್ಲ ಎಂದು ಬರೆದ ಮಗುವಿಗೆ ಗ್ರಹಿಕೆಯ ಅಂಕವನ್ನು ಪೂರ್ತಿಯಾಗಿ ಕೊಡದೆ ಬೇರೆ ದಾರಿಯಿಲ್ಲ.

ಸಂದರ್ಭ ಸಹಿತ ಸ್ವಾರಸ್ಯ ಬರೆಯುವ ಪ್ರಶ್ನೆಗೂ ಇದೇ ಮಾತು ಸಲ್ಲುತ್ತದೆ. ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಅಂಕಗಳನ್ನು ಮೂರು ತುಂಡು ಮಾಡುವಾಗ ಮೊದಲೆರಡು ತುಂಡುಗಳು ನೆನಪಿನವು. ಮಗುವಿನ ಭಾಷಾಸಾಮರ್ಥ್ಯ ಕಾಣಿಸುವುದು ಮೂರನೆಯದರಲ್ಲಿ. ತಿದ್ದುವಾಗ ಆ ಮೂರನೆಯ ತುಂಡಿನ ಅಂಕವನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಂಡರೆ ಸಾಕು, ಒಟ್ಟು ಅಂಕ ಹೇಳದ ಸಂಗತಿಯೊಂದು ಎದುರಿಗೆ ಬರುತ್ತದೆ.

ಎರಡನೆಯ ಹಂತ: ಓದನ್ನು ಕಿವಿಗೊಟ್ಟು ಅಳೆಯಿರಿ

ನಮ್ಮ ವ್ಯವಸ್ಥೆಯಲ್ಲಿ ಭಾಷೆಯ ಅಂಕಗಳಲ್ಲಿ ಬಹುಪಾಲು ಬರವಣಿಗೆಗೆ ಹೋಗುತ್ತವೆ. ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆಯ 125 ಅಂಕಗಳಲ್ಲಿ 100 ಲಿಖಿತ ಪರೀಕ್ಷೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಆಲಿಸುವುದು, ಮಾತನಾಡುವುದು, ಓದುವುದು ಈ ಮೂರಕ್ಕೂ ಆ ಸಣ್ಣ ಭಾಗದಲ್ಲಿಯೇ ಜಾಗ ಸಿಗಬೇಕು. ಹಾಗಾಗಿ ಒಂದು ಮಗು ಸರಾಗವಾಗಿ ಓದಲಾರದೆಯೇ ಎಂಟನೆಯ ತರಗತಿಗೆ ಬಂದರೂ ಅದು ಯಾರ ಕಣ್ಣಿಗೂ ಬೀಳದೆ ಇರಬಹುದು. 2005ರಿಂದ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯವರು ನಡೆಸುತ್ತಿರುವ ಅಸರ್ ಸಮೀಕ್ಷೆ ಮನೆಮನೆಗೆ ಹೋಗಿ ಒಂದೊಂದೇ ಮಗುವಿನ ಕೈಗೆ ಅಕ್ಷರ, ಪದ, ಒಂದನೆಯ ತರಗತಿ ಮಟ್ಟದ ಪರಿಚ್ಛೇದ, ಎರಡನೆಯ ತರಗತಿ ಮಟ್ಟದ ಕಥೆ ಕೊಟ್ಟು ಓದಿಸಿ ಕೇಳುತ್ತದೆ. ಅದರ ಸಾಧನ ಒಂದೇ ಹಾಳೆಯದು. ಅದರಿಂದ ನಾವು ಕಲಿಯಬೇಕಾದದ್ದು ಒಂದೇ ಮಾತು: ಓದು ಬರುತ್ತದೆಯೇ ಎಂದು ತಿಳಿಯಬೇಕಾದರೆ ಮಗುವಿನ ಪಕ್ಕದಲ್ಲಿ ಕುಳಿತು ಕೇಳಬೇಕು.

ನಲವತ್ತು ಮಕ್ಕಳ ತರಗತಿಯಲ್ಲಿ ಇದಕ್ಕೆ ಸಮಯವೆಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ದಿನಕ್ಕೆ ಐದು ಮಕ್ಕಳಂತೆ, ಪ್ರತಿ ಮಗುವಿಗೆ ಎರಡು ನಿಮಿಷದಂತೆ ಕೇಳಿದರೆ ಎಂಟು ದಿನಗಳಲ್ಲಿ ತರಗತಿ ಮುಗಿಯುತ್ತದೆ. ಉಳಿದ ಮಕ್ಕಳು ಆ ಹತ್ತು ನಿಮಿಷ ಮೌನವಾಚನವನ್ನೋ ನಕಲು ಬರಹವನ್ನೋ ಮಾಡುತ್ತಿರಲಿ. ಮಗುವನ್ನು ಎಲ್ಲರೆದುರು ನಿಲ್ಲಿಸಿ ಓದಿಸಬೇಡಿ. ಕೊಠಡಿಯ ಒಂದು ಮೂಲೆಯಲ್ಲಿ, ಮೆಲುದನಿಯಲ್ಲಿ ಕೇಳಿಸಿಕೊಳ್ಳಿ. ತೊಡರುವ ಮಗುವನ್ನು ನಲವತ್ತು ಜೊತೆ ಕಣ್ಣುಗಳ ಮುಂದೆ ನಿಲ್ಲಿಸಿದರೆ ನಿಮಗೆ ಕೇಳಿಸುವುದು ಅದರ ಭಯ, ಓದಲ್ಲ. ಓದಿಸುವ ಭಾಗವೂ ಹೊಸದಾಗಿರಬೇಕು. ಒಮ್ಮೆ ಹುಡುಗನೊಬ್ಬ ಪಾಠದ ಪುಟವನ್ನು ಒಂದೂ ತಪ್ಪಿಲ್ಲದೆ ಓದಿದನು. ನನಗೇನೋ ಅನುಮಾನ ಬಂದು ಬೆರಳಿಟ್ಟು ಓದೆಂದಾಗ ಬಾಯಿ ಮೂರನೆಯ ಪರಿಚ್ಛೇದದಲ್ಲಿತ್ತು, ಬೆರಳು ಮೊದಲನೆಯದರಲ್ಲಿತ್ತು. ಜೊತೆಯವರು ಓದುವುದನ್ನು ಕೇಳಿ ಕೇಳಿ ಪುಟವನ್ನೇ ಬಾಯಿಪಾಠ ಮಾಡಿದ್ದನು. ಅಷ್ಟು ನೆನಪಿನ ಶಕ್ತಿಯಿರುವ ಮಗುವಿಗೆ ಅಕ್ಷರಗಳನ್ನು ಕೂಡಿಸಿ ಓದಲು ಕಲಿಸಲು ಆರು ವಾರ ಸಾಕಾಯಿತು. ಅದಕ್ಕೂ ಹಿಂದಿನ ವರ್ಷಗಳು ಸುಮ್ಮನೆ ಕಳೆದುಹೋಗಿದ್ದವು.

ಕೇಳುವಾಗ ತಪ್ಪುಗಳನ್ನು ಎಣಿಸಿದರೆ ಸಾಲದು, ತಪ್ಪಿನ ಜಾತಿಯನ್ನು ಗುರುತಿಸಬೇಕು. “ರೈತನು ಮುಂಜಾನೆ ಎತ್ತುಗಳನ್ನು ಹೂಡಿಕೊಂಡು ಹೊಲಕ್ಕೆ ಹೊರಟನು” ಎಂಬ ವಾಕ್ಯವನ್ನು ಒಂದು ಮಗು “ರೈತ ಮುಂಜಾನೆ ಎತ್ತುಗಳನ್ನ ಹೂಡಿಕೊಂಡು ಹೊಲಕ್ಕೆ ಹೋದನು” ಎಂದು ಓದಿತು ಎನ್ನೋಣ. ಮೂರು ಕಡೆ ಅಚ್ಚಿನಲ್ಲಿರುವುದಕ್ಕೂ ಓದಿದ್ದಕ್ಕೂ ವ್ಯತ್ಯಾಸವಿದೆ, ಆದರೂ ಅರ್ಥ ಕೆಟ್ಟಿಲ್ಲ. ಮಗು ಅರ್ಥವನ್ನು ಹಿಡಿದು, ತನ್ನ ಬಾಯಿಗೆ ಬರುವ ರೂಪದಲ್ಲಿ ಅದನ್ನು ಹೇಳುತ್ತಿದೆ. ಇನ್ನೊಂದು ಮಗು ಪ್ರತಿಯೊಂದು ವಿಭಕ್ತಿಯನ್ನೂ ಸ್ಪಷ್ಟವಾಗಿ ಉಚ್ಚರಿಸಿ, ಒಂದೇ ಕಡೆ “ಹೂಡಿಕೊಂಡು” ಎಂಬುದನ್ನು “ಹುಡುಕಿಕೊಂಡು” ಎಂದು ಓದಿ ಮುಂದೆ ಹೋಯಿತು. ತಪ್ಪು ಒಂದೇ, ಆದರೆ ನೊಗಕ್ಕೆ ಹೂಡಿದ ಎತ್ತುಗಳು ಕಳೆದುಹೋದ ಎತ್ತುಗಳಾದವು, ಮಗುವಿಗೆ ಅದೇನೂ ವಿಚಿತ್ರವಾಗಿ ಕಾಣಲಿಲ್ಲ. ಹೆಚ್ಚು ಗಮನ ಬೇಕಾದದ್ದು ಈ ಎರಡನೆಯ ಮಗುವಿಗೆ. ಅದು ಓದಿನಲ್ಲಿ ಹಿಂದಿದೆಯೋ, ಅಥವಾ ಬೇಸಾಯ ನೋಡದೆ ಬೆಳೆದು “ಹೂಡು” ಎಂಬ ಪದವನ್ನೇ ಕೇಳಿಲ್ಲವೋ ಎಂದು ಒಂದು ಪ್ರಶ್ನೆ ಕೇಳಿ ತಿಳಿದುಕೊಳ್ಳಿ. ಪದ ಗೊತ್ತಿಲ್ಲದಿದ್ದರೆ ಪದ ಕಲಿಸಬೇಕು. ಪದ ಗೊತ್ತಿದ್ದೂ ಹೀಗೆ ಓದಿದ್ದರೆ, ಓದಿದ್ದು ಅರ್ಥಕ್ಕೆ ಕೂಡಿಬರದಾಗ ನಿಂತು ಹಿಂದಕ್ಕೆ ಹೋಗುವ ಅಭ್ಯಾಸವನ್ನು ಕಲಿಸಬೇಕು. ತಾನಾಗಿಯೇ ನಿಂತು ತಿದ್ದಿಕೊಂಡ ಮಗುವಿನ ಹೆಸರಿನ ಮುಂದೆ ಒಂದು ಗುರುತು ಹಾಕಿಕೊಳ್ಳಿ, ಅದು ಒಳ್ಳೆಯ ಸೂಚನೆ.

ಓದಿಸಿದ ಮೇಲೆ ಪುಸ್ತಕ ಮುಚ್ಚಿಸಿ, “ಏನಾಯಿತು ಹೇಳು” ಎಂದು ಕೇಳಿ. ಮಗು ಮನೆಯ ಮಾತಿನಲ್ಲಿ ಹೇಳಿದರೂ ಸರಿಯೇ.

ಮೂರನೆಯ ಹಂತ: ಬರಹದ ತಪ್ಪುಗಳನ್ನು ಗುಂಪು ಮಾಡಿ

ಈ ಹಂತ ಎಲ್ಲಕ್ಕಿಂತ ಮುಖ್ಯವೆಂದು ನನ್ನ ತಿಳಿವಳಿಕೆ. ಆದ್ದರಿಂದ ಒಂದು ಮಾದರಿಯನ್ನು ಹತ್ತಿರದಿಂದ ನೋಡೋಣ. ಧಾರವಾಡ, ಗದಗ ಕಡೆಯ ಎಂಟನೆಯ ತರಗತಿಯ ಹುಡುಗಿಯೊಬ್ಬಳು “ನಮ್ಮ ಊರ ಜಾತ್ರೆ” ಎಂಬ ವಿಷಯದ ಮೇಲೆ ಹೀಗೆ ಬರೆದಿದ್ದಾಳೆಂದು ಇಟ್ಟುಕೊಳ್ಳಿ:

“ನಮ್ಮ ಊರ ಜಾತ್ರಿ ಬಾಳ ಚನ್ನಾಗಿ ಆಗತೈತಿ. ರತ ಎಳಿಯುವಾಗ ಎಲ್ಲಾರು ಉತ್ತತ್ತಿ ಬಾಳೆಹಣ್ಣು ಎಸಿತಾರ. ತೇರಿನ ಹಗ್ಗ ಮುಟ್ಟಿದ್ರ ಪುಣ್ಯಾ ಬರತೈತಿ ಅಂತ ನಮ್ಮ ಆಯಿ ಹೇಳತಾಳ. ನಾವು ಬೆಂಡು ಬತ್ತಾಸು ತಗೊಂಡು ತಿಂದ್ವಿ. ರಾತ್ರಿ ನಾಟಕಾ ನೋಡುವಾಗ ನನ್ನ ತಮ್ಮ ನನ್ನ ತೊಡಿಮ್ಯಾಲೆ ಮಲಗಿದ. ಆಯಿ ಅವನ ಮುಖಕ್ಕ ಸೆರಗು ಹೊಚ್ಚಿದಳು.”

ಶಿಷ್ಟ ಬರಹದ ಅಳತೆಯಿಂದ ನೋಡಿ ಕೆಂಪು ಶಾಯಿಯಲ್ಲಿ ಸುತ್ತುತ್ತ ಹೋದರೆ ಹದಿನೇಳು ಸುತ್ತುಗಳಾಗುತ್ತವೆ. ಆರು ವಾಕ್ಯಗಳಿಗೆ ಹದಿನೇಳು ಕೆಂಪು ಸುತ್ತು ಬಿದ್ದ ಹಾಳೆಯನ್ನು ವಾಪಸು ಪಡೆದ ಹುಡುಗಿ ಮುಂದಿನ ಸಲ ಆಯಿಯ ಸೆರಗಿನ ಬಗ್ಗೆ ಬರೆಯುವುದಿಲ್ಲ. ಗೈಡಿನಲ್ಲಿರುವ ಜಾತ್ರೆಯ ಪ್ರಬಂಧವನ್ನು ಬರೆಯುತ್ತಾಳೆ.

ಈಗ ಅವೇ ಹದಿನೇಳನ್ನು ಗುಂಪು ಮಾಡಿ. ಆಗತೈತಿ, ಎಸಿತಾರ, ಮುಟ್ಟಿದ್ರ, ಬರತೈತಿ, ಹೇಳತಾಳ, ತಗೊಂಡು, ತಿಂದ್ವಿ ಈ ಏಳೂ ಆಡುಮಾತಿನ ಕ್ರಿಯಾರೂಪಗಳು. ಜಾತ್ರಿ, ಎಳಿಯುವಾಗ, ತೊಡಿಮ್ಯಾಲೆ, ಮುಖಕ್ಕ, ಎಲ್ಲಾರು, ಪುಣ್ಯಾ, ನಾಟಕಾ ಈ ಏಳರಲ್ಲಿ ಸ್ವರವನ್ನು ತಮ್ಮ ಭಾಗದ ಮಾತಿನಲ್ಲಿ ಕೇಳಿದಂತೆಯೇ ಬರೆಯಲಾಗಿದೆ. ಅಂದರೆ ಹದಿನಾಲ್ಕು ತಪ್ಪುಗಳ ಬೇರು ಒಂದೇ: ಹುಡುಗಿ ಕಿವಿಯನ್ನು ನಂಬಿ ಬರೆಯುತ್ತಿದ್ದಾಳೆ. ಕೇಳಿದ ಧ್ವನಿಯನ್ನು ಅಕ್ಷರಕ್ಕಿಳಿಸುವ ಕೆಲಸವನ್ನು ಅವಳು ಬಹಳ ಪ್ರಾಮಾಣಿಕವಾಗಿ ಮಾಡಿದ್ದಾಳೆ. ರತ, ಬಾಳ ಎಂಬ ಎರಡರಲ್ಲಿ ಮಹಾಪ್ರಾಣ ಬಿಟ್ಟುಹೋಗಿದೆ, ಏಕೆಂದರೆ ಬಹಳ ಎಂಬುದು ಆ ಕಡೆಯ ಮಾತಿನಲ್ಲಿ ಭಾಳ ಆಗುತ್ತದೆ. ಆದರೆ ಮುಖ ಎಂಬಲ್ಲಿ ಖಕಾರವನ್ನು ಅವಳು ಸರಿಯಾಗಿಯೇ ಬರೆದಿದ್ದಾಳೆ, ಹಾಗಾಗಿ ಮಹಾಪ್ರಾಣಾಕ್ಷರಗಳು ಅವಳಿಗೆ ಗೊತ್ತಿಲ್ಲವೆಂದು ಹೇಳುವಂತಿಲ್ಲ. ಅಚ್ಚಿನಲ್ಲಿ ಹೆಚ್ಚು ನೋಡದ ಪದಗಳಲ್ಲಿ ಅವು ಜಾರುತ್ತಿವೆ. ಚನ್ನಾಗಿ ಎಂಬುದೊಂದು ಒಂಟಿ ತಪ್ಪು, ಅದನ್ನು ಸದ್ಯಕ್ಕೆ ಬಿಡಬಹುದು. ಇನ್ನು ಒತ್ತಕ್ಷರಗಳನ್ನು ನೋಡಿ: ಉತ್ತತ್ತಿ, ಬತ್ತಾಸು, ಪುಣ್ಯ, ರಾತ್ರಿ ಎಲ್ಲವೂ ಸರಿಯಾಗಿವೆ. ಎಂಟನೆಯ ತರಗತಿಗೆ ಬಂದ ಮಕ್ಕಳಿಗೆಲ್ಲ ಒತ್ತಕ್ಷರದ ಪರಿಹಾರ ಬೋಧನೆ ಮಾಡಬೇಕೆಂದು ಯೋಜನೆ ಹಾಕಿದ್ದರೆ ಈ ಹುಡುಗಿಯ ಪಾಲಿಗೆ ಅದು ಸಮಯದ ನಷ್ಟ.

ಆಯಿ ಎಂಬ ಪದವನ್ನು ಅಜ್ಜಿ ಎಂದು ತಿದ್ದುವ ಅಗತ್ಯ ಯಾರಿಗೂ ಇಲ್ಲ.

ಹೀಗೆ ಗುಂಪು ಮಾಡಿದ ಮೇಲೆ ಮರುದಿನದ ಪಾಠ ತಾನಾಗಿ ಮೂಡುತ್ತದೆ. ಕಪ್ಪುಹಲಗೆಯ ಮೇಲೆ ಎರಡು ಕಾಲಂ ಮಾಡಿ, ಒಂದಕ್ಕೆ “ಮನೆಯ ಮಾತು”, ಇನ್ನೊಂದಕ್ಕೆ “ಬರಹದ ಮಾತು” ಎಂದು ಹೆಸರಿಡಿ. ಆಗತೈತಿಯ ಎದುರು ಆಗುತ್ತದೆ, ಎಸಿತಾರದ ಎದುರು ಎಸೆಯುತ್ತಾರೆ, ತಿಂದ್ವಿಯ ಎದುರು ತಿಂದೆವು ಎಂದು ಮಕ್ಕಳಿಂದಲೇ ಹೇಳಿಸಿ ತುಂಬಿಸಿ. ನಾಲ್ಕೈದು ಜೋಡಿಗಳಾದ ಮೇಲೆ ಅದರಲ್ಲಿರುವ ನಿಯಮವನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಮೊದಲ ಕಾಲಮನ್ನು ತಪ್ಪು ಎಂದು ಕರೆಯಬಾರದೆಂಬ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಅದು ಆ ಮಗುವಿನ ತಾಯಿಯ ಕನ್ನಡ. ಪತ್ರದಲ್ಲಿ, ವರದಿಯಲ್ಲಿ, ಪರೀಕ್ಷೆಯಲ್ಲಿ ಬರಹದ ಮಾತು ಬೇಕೆಂದೂ, ಕಥೆಯೊಳಗಿನ ಸಂಭಾಷಣೆಯಲ್ಲಿ ಮನೆಯ ಮಾತೇ ಚೆಂದವೆಂದೂ ಹೇಳಿಕೊಟ್ಟರೆ ಮಗುವಿನ ಕೈಯಲ್ಲಿ ಎರಡು ಕನ್ನಡಗಳಿರುತ್ತವೆ.

ಬೇರೆ ಭಾಗಗಳಲ್ಲಿ ಗುಂಪುಗಳೂ ಬೇರೆಯಾಗುತ್ತವೆ. ಹಳೆಯ ಮೈಸೂರು ಕಡೆ ಹಕಾರ ಅಕಾರಗಳ ಅದಲುಬದಲು, ಮನೆಯಲ್ಲಿ ಉರ್ದು, ತೆಲುಗು, ತಮಿಳು, ಲಂಬಾಣಿ ಅಥವಾ ತುಳು ಆಡುವ ಮಕ್ಕಳಲ್ಲಿ ಲಿಂಗ, ವಚನ, ವಿಭಕ್ತಿಗಳ ಹೊಂದಾಣಿಕೆ, ಕೆಲವರಲ್ಲಿ ಣಕಾರ ನಕಾರ, ಳಕಾರ ಲಕಾರಗಳ ಗೊಂದಲ ಎದ್ದು ಕಾಣಬಹುದು. ಮನೆಯಲ್ಲಿ ಬೇರೆ ಭಾಷೆಯಾಡುವ ಮಗುವಿನ ಬರಹವನ್ನು ತಿದ್ದುವ ಮೊದಲು ಅದರೊಡನೆ ಐದು ನಿಮಿಷ ಮಾತನಾಡಿ. ಮಾತಿನಲ್ಲೂ ಅದೇ ತಪ್ಪಿದ್ದರೆ ಮೊದಲು ಮಾತಿನ ಅಭ್ಯಾಸ ಬೇಕು. ಮಾತು ಸರಿಯಿದ್ದು ಬರಹ ಮಾತ್ರ ತಪ್ಪಿದ್ದರೆ ದಾರಿ ಸುಲಭ.

ನಾಲ್ಕನೆಯ ಹಂತ: ಅಂಕಕ್ಕಿಂತ ಮೊದಲು ಮಾತು ಕೊಡಿ

1988ರಲ್ಲಿ ರೂತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲಿನ ಶಾಲಾಮಕ್ಕಳ ಮೇಲೆ ನಡೆಸಿದ ಅಧ್ಯಯನವನ್ನು ಶಿಕ್ಷಕರೆಲ್ಲರೂ ತಿಳಿದಿರಬೇಕು. ಕೆಲವು ಮಕ್ಕಳಿಗೆ ಅವರ ಕೆಲಸದ ಬಗ್ಗೆ ಬರಹದ ಟಿಪ್ಪಣಿಯನ್ನಷ್ಟೇ, ಕೆಲವರಿಗೆ ಅಂಕವನ್ನಷ್ಟೇ, ಉಳಿದವರಿಗೆ ಎರಡನ್ನೂ ಕೊಡಲಾಯಿತು. ಮುಂದಿನ ಕೆಲಸದಲ್ಲಿ ಸುಧಾರಣೆ ಕಂಡದ್ದು ಟಿಪ್ಪಣಿಯನ್ನಷ್ಟೇ ಪಡೆದವರಲ್ಲಿ. ಟಿಪ್ಪಣಿಯ ಜೊತೆಗೆ ಅಂಕವನ್ನೂ ಕೊಟ್ಟಾಗ ಟಿಪ್ಪಣಿಯ ಫಲ ಉಳಿಯಲಿಲ್ಲ. ನಮ್ಮ ತರಗತಿಯಲ್ಲಿ ಉತ್ತರಪತ್ರಿಕೆ ಹಂಚಿದ ಗಳಿಗೆಯನ್ನು ನೆನೆಸಿಕೊಂಡರೆ ಕಾರಣ ಗೊತ್ತಾಗುತ್ತದೆ. ಮಗು ಮೊದಲು ನೋಡುವುದು ತನ್ನ ಅಂಕ, ಆಮೇಲೆ ನೋಡುವುದು ಪಕ್ಕದವರ ಅಂಕ. ನಾವು ಕಷ್ಟಪಟ್ಟು ಬರೆದ ಸಾಲಿನ ಮೇಲೆ ಕಣ್ಣು ಬೀಳುವುದೇ ಇಲ್ಲ.

ಅಂಕವನ್ನು ತಂತ್ರಾಂಶಕ್ಕೆ ತುಂಬಲೇಬೇಕು, ಅದನ್ನು ತಪ್ಪಿಸುವಂತಿಲ್ಲ. ಆದರೆ ಅದನ್ನು ಹಾಳೆಯ ಮೇಲೆ ಬರೆಯಲೇಬೇಕೆಂಬ ಕಟ್ಟಳೆಯನ್ನು ತರಗತಿಯ ಕಿರುಪರೀಕ್ಷೆಗಳಲ್ಲಿ ನಾವೇ ಹಾಕಿಕೊಂಡಿರುತ್ತೇವೆ. ಅಂಕವನ್ನು ಅಂಕವಹಿಯಲ್ಲಿ ಬರೆದಿಟ್ಟು, ಹಾಳೆಯಲ್ಲಿ ಟಿಪ್ಪಣಿಯನ್ನಷ್ಟೇ ಬರೆದು ಹಂಚಿ. ಮಕ್ಕಳು ಒಂದು ಪರಿಚ್ಛೇದವನ್ನು ತಿದ್ದಿ ಬರೆದ ಮೇಲೆ ಅಂಕ ತಿಳಿಸಿ.

ಟಿಪ್ಪಣಿಯನ್ನು ಹೇಗೆ ಬರೆಯಬೇಕು? “ಚೆನ್ನಾಗಿದೆ, ಇನ್ನೂ ಸುಧಾರಿಸಬೇಕು” ಎಂಬುದರಿಂದ ಮಗು ಏನನ್ನೂ ಮಾಡಲಾರದು. ಜಾತ್ರೆಯ ಹುಡುಗಿಗೆ ನಾನು ಬರೆಯುವ ಟಿಪ್ಪಣಿ ಹೀಗಿರುತ್ತದೆ: “ನಿನ್ನ ತಮ್ಮನ ಮುಖಕ್ಕೆ ಆಯಿ ಸೆರಗು ಹೊಚ್ಚಿದ್ದನ್ನು ಓದಿದಾಗ ಆ ರಾತ್ರಿ ನನ್ನ ಕಣ್ಣಿಗೆ ಕಟ್ಟಿತು. ಮೊದಲ ಮೂರು ವಾಕ್ಯಗಳ ಕೊನೆಯ ಪದಗಳನ್ನು ಬರಹದ ಮಾತಿಗೆ ಬದಲಿಸಿ ಬರೆ. ರಥ ಎಂಬ ಪದವನ್ನು ಪಾಠದಲ್ಲಿ ಹುಡುಕಿ ನೋಡಿ ಬರೆ.” ಏನು ಕೈಗೂಡಿದೆ ಎಂಬುದನ್ನು ಹೆಸರಿಸಿ ಹೇಳಿದ ಒಂದು ಮಾತು, ಮಾಡಬೇಕಾದ ಒಂದೋ ಎರಡೋ ಕೆಲಸ, ಇಷ್ಟೇ. ಆ ಕೆಲಸಕ್ಕೆ ತರಗತಿಯಲ್ಲಿಯೇ ಹದಿನೈದು ನಿಮಿಷ ಕೊಡಬೇಕು. ಮನೆಗೆ ಕಳಿಸಿದ ತಿದ್ದುಪಡಿ ಬಹುತೇಕ ಮನೆಯಲ್ಲೇ ಉಳಿಯುತ್ತದೆ. ಎಲ್ಲರ ಹಾಳೆಗೂ ಇಷ್ಟು ಬರೆಯುವುದು ಪ್ರತಿ ಸಲವೂ ಆಗದು, ಆದ್ದರಿಂದ ಒಂದು ಸಲಕ್ಕೆ ಹತ್ತು ಮಕ್ಕಳಂತೆ ಸರದಿ ಹಾಕಿಕೊಳ್ಳಿ. ಉಳಿದವರಿಗೆ ಸಾಮಾನ್ಯವಾಗಿ ಕಂಡ ತಪ್ಪನ್ನು ಹಲಗೆಯ ಮೇಲೆ, ಯಾರ ಹೆಸರನ್ನೂ ಹೇಳದೆ, ಬಿಡಿಸಿ ತೋರಿಸಿ.

ಐದನೆಯ ಹಂತ: ಮಾನಕಗಳನ್ನು ಮಾದರಿಗಳೊಂದಿಗೆ ಕಟ್ಟಿಕೊಳ್ಳಿ

ಪ್ರಬಂಧ, ಪತ್ರ, ಭಾಷಣಗಳಿಗೆ ರೂಬ್ರಿಕ್ಸ್ ಅಥವಾ ಮಾನಕಗಳ ಪಟ್ಟಿ ಬೇಕೆಂದು ತರಬೇತಿಗಳಲ್ಲಿ ಹೇಳುತ್ತಾರೆ. ಪಟ್ಟಿಯಲ್ಲಿ ಉತ್ತಮ, ಮಧ್ಯಮ, ಸಾಧಾರಣ ಎಂಬ ವಿಶೇಷಣಗಳನ್ನಷ್ಟೇ ಬರೆದರೆ ಒಬ್ಬರ ಉತ್ತಮ ಇನ್ನೊಬ್ಬರ ಮಧ್ಯಮವಾಗುತ್ತದೆ. ಬದಲಾಗಿ ಹಾಳೆಯಲ್ಲಿ ಕಣ್ಣಿಗೆ ಕಾಣುವುದನ್ನು ಬರೆಯಿರಿ. ಗ್ರಾಮ ಪಂಚಾಯಿತಿಗೆ ಕುಡಿಯುವ ನೀರಿನ ಬಗ್ಗೆ ಬರೆಯುವ ಮನವಿ ಪತ್ರವಾದರೆ, ಯಾರು ಯಾರಿಗೆ ಬರೆದರೆಂಬುದು ತಿಳಿಯುತ್ತದೆಯೇ, ತೊಂದರೆ ಯಾವ ಬೀದಿಯಲ್ಲಿ ಎಂದಿನಿಂದ ಇದೆಯೆಂದು ಹೇಳಿದೆಯೇ, ಏನು ಮಾಡಬೇಕೆಂದು ಕೇಳಿದೆಯೇ, ಗೌರವದ ಭಾಷೆ ಕೊನೆಯವರೆಗೂ ಉಳಿದಿದೆಯೇ ಎಂಬ ನಾಲ್ಕು ಪ್ರಶ್ನೆಗಳು ಸಾಕು. ಪತ್ರ ಓದಿದ ಪಂಚಾಯಿತಿ ಕಾರ್ಯದರ್ಶಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ, ವಿಳಾಸ ಎಡಗಡೆಯಿದೆಯೋ ಬಲಗಡೆಯಿದೆಯೋ ಎಂಬುದರಿಂದ ಏನೂ ಆಗುವುದಿಲ್ಲ. ಪತ್ರ ಬರೆಯುವ ಮೊದಲೇ ಈ ಪ್ರಶ್ನೆಗಳನ್ನು ಮಕ್ಕಳಿಗೆ ಕೊಡಿ.

ಶಿಕ್ಷಕರ ಸಮಾಲೋಚನಾ ಸಭೆಗಳಲ್ಲಿ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡಲು ಸಾಧ್ಯವಾದರೆ ಬಹಳ ಒಳ್ಳೆಯದು. ಹೆಸರು ಮುಚ್ಚಿದ ಐದು ಉತ್ತರಗಳ ನೆರಳಚ್ಚನ್ನು ಎಲ್ಲರಿಗೂ ಹಂಚಿ, ಪ್ರತಿಯೊಬ್ಬರೂ ಸ್ವತಂತ್ರವಾಗಿ ಅಂಕ ಕೊಟ್ಟ ಮೇಲೆ ಹೋಲಿಸಿ ನೋಡಬೇಕು. ಒಂದೇ ಉತ್ತರಕ್ಕೆ ದೊಡ್ಡ ಅಂತರದ ಅಂಕಗಳು ಬಂದಾಗ ನಡೆಯುವ ಚರ್ಚೆಯಲ್ಲಿ ಯಾರು ಕೈಬರಹಕ್ಕೆ ಮರುಳಾದರು, ಯಾರು ಉದ್ದಕ್ಕೆ ಅಂಕ ಕೊಟ್ಟರು, ಯಾರು ಕಾಗುಣಿತದ ತಪ್ಪನ್ನು ಕಂಡ ಕೂಡಲೇ ಉಳಿದದ್ದನ್ನು ಓದಲಿಲ್ಲ ಎಂಬುದು ಹೊರಬರುತ್ತದೆ. ಒಬ್ಬರೇ ತಿದ್ದುವಾಗಲೂ ಒಂದು ಉಪಾಯವಿದೆ. ಒಂದು ಮಗುವಿನ ಪತ್ರಿಕೆಯನ್ನು ಪೂರ್ತಿ ತಿದ್ದಿ ಮುಂದಿನದಕ್ಕೆ ಹೋಗುವ ಬದಲು, ಎಲ್ಲರ ಮೊದಲ ಪ್ರಶ್ನೆಯನ್ನು ತಿದ್ದಿ, ಆಮೇಲೆ ಎಲ್ಲರ ಎರಡನೆಯದನ್ನು ತಿದ್ದಬೇಕು. ಹಿಂದಿನ ಉತ್ತರದ ನೆರಳು ಮುಂದಿನದರ ಮೇಲೆ ಬೀಳುವುದು ಹೀಗೆ ತಪ್ಪುತ್ತದೆ.

ಆರನೆಯ ಹಂತ: ಒಂದು ಹಾಳೆಯ ದಾಖಲೆ, ವಾರಕ್ಕೊಂದು ಗುಂಪು

ದಾಖಲೆಗಳ ಹೊರೆಯ ಬಗ್ಗೆ ಶಿಕ್ಷಕರಿಗಿರುವ ದೂರು ನಿಜವಾದದ್ದು, ಅದಕ್ಕೆ ಇನ್ನೊಂದು ವಹಿಯನ್ನು ಸೇರಿಸುವುದು ನನ್ನ ಉದ್ದೇಶವಲ್ಲ. ಒಂದೇ ಹಾಳೆಯಲ್ಲಿ ಎಡಗಡೆ ಮಕ್ಕಳ ಹೆಸರು, ಮೇಲೆ ಐದಾರು ಅಂಶಗಳು ಇರಲಿ: ಹೊಸ ಗದ್ಯದ ಓದು, ಓದಿದ್ದನ್ನು ಹೇಳುವುದು, ಕ್ರಿಯಾರೂಪ, ಮಹಾಪ್ರಾಣ, ಒತ್ತಕ್ಷರ, ವಾಕ್ಯಗಳ ಜೋಡಣೆ. ತೊಂದರೆಯಿರುವ ಕಡೆ ಮಾತ್ರ ಚುಕ್ಕೆ ಇಡಿ. ಅಡ್ಡಸಾಲು ಒಂದು ಮಗುವಿನ ಕಥೆ ಹೇಳುತ್ತದೆ, ಕಾಲಂ ಇಡೀ ತರಗತಿಯದನ್ನು. ಒಂದು ಕಾಲಮಿನಲ್ಲಿ ಮೂವತ್ತು ಚುಕ್ಕೆ ಬಿದ್ದಿದ್ದರೆ ಅದನ್ನು ಇಡೀ ತರಗತಿಗೆ ಮತ್ತೆ ಕಲಿಸಬೇಕು, ಅಲ್ಲಿ ಕೊರತೆ ಮಕ್ಕಳದಲ್ಲ, ನಮ್ಮ ಬೋಧನೆಯದು. ಆರೇಳು ಚುಕ್ಕೆಗಳಿದ್ದರೆ ಆ ಮಕ್ಕಳನ್ನು ವಾರದಲ್ಲಿ ಎರಡು ಬಾರಿ ಇಪ್ಪತ್ತು ನಿಮಿಷ ಒಟ್ಟಿಗೆ ಕೂರಿಸಿ. ಗುಂಪು ವಾರವಾರವೂ ಬದಲಾಗಬೇಕು. ಹಿಂದುಳಿದವರ ಗುಂಪು ಎಂದು ಒಮ್ಮೆ ಹೆಸರಿಟ್ಟು ವರ್ಷವಿಡೀ ಅದೇ ಬೆಂಚಿನಲ್ಲಿ ಕೂರಿಸುವುದು ಮಗುವಿಗೆ ಮಾಡುವ ಅನ್ಯಾಯ.

ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ಗಟ್ಟಿ ಮಾಡುವ ವರ್ಷಾರಂಭದ ಸೇತುಬಂಧದಲ್ಲಿ, ಕೊರತೆ ಎಲ್ಲಿದೆಯೆಂದು ತಿಳಿಯಲು ನಡೆಸುವ ನೈದಾನಿಕ ಪರೀಕ್ಷೆಯನ್ನೂ ಇದೇ ಹಾಳೆಗೆ ಇಳಿಸಿದರೆ ಜೂನ್ ತಿಂಗಳ ಚುಕ್ಕೆ ಸೆಪ್ಟೆಂಬರಿನಲ್ಲಿ ಉಳಿದಿದೆಯೇ ಇಲ್ಲವೇ ಎಂದು ನೋಡಬಹುದು. ಚುಕ್ಕೆ ಅಳಿಸುವ ಮೊದಲು ಅದೇ ಸಾಮರ್ಥ್ಯವನ್ನು ಬೇರೆ ವಿಷಯದಲ್ಲಿ ಪರೀಕ್ಷಿಸಿ. ಜಾತ್ರೆಯ ಹುಡುಗಿಗೆ ಆರು ವಾರಗಳ ನಂತರ “ಮಳೆ ಬಂದ ದಿನ” ಎಂಬ ವಿಷಯ ಕೊಟ್ಟಾಗ ಬರಹದ ಕ್ರಿಯಾರೂಪಗಳು ತಾವಾಗಿ ಬಂದರೆ ಮಾತ್ರ ಅವು ಅವಳವಾದವೆಂದು ಅರ್ಥ.

ಏಳನೆಯ ಹಂತ: ಪೋಷಕರ ಸಭೆಗೆ ಎರಡು ಹಾಳೆಗಳನ್ನು ಒಯ್ಯಿರಿ

ಪೋಷಕರ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕಿಸಿಕೊಂಡು ಕಳಿಸುವುದರಿಂದ ಯಾರಿಗೂ ಲಾಭವಿಲ್ಲ. ಕಡಿಮೆ ಅಂಕ ಬಂದ ಮಗು ಆ ಸಂಜೆ ಮನೆಯಲ್ಲಿ ಬೈಸಿಕೊಳ್ಳುತ್ತದೆ, ಅಷ್ಟೇ. ಮಗುವಿನ ಬರಹಗಳನ್ನು ಕೂಡಿಟ್ಟ ಕೃತಿಸಂಪುಟದಿಂದ ಜೂನ್ ತಿಂಗಳ ಒಂದು ಬರಹವನ್ನೂ ಈಚಿನ ಒಂದು ಬರಹವನ್ನೂ ತೆಗೆದು ಮೇಜಿನ ಮೇಲೆ ಅಕ್ಕಪಕ್ಕದಲ್ಲಿಡಿ. ಓದು ಬಲ್ಲ ಪೋಷಕರು ತಾವೇ ನೋಡುತ್ತಾರೆ. ಓದು ಬಾರದ ತಾಯಿಯೋ ಆಯಿಯೋ ಬಂದಿದ್ದರೆ ಎರಡನ್ನೂ ಮಗುವಿನಿಂದಲೇ ಜೋರಾಗಿ ಓದಿಸಿ, ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಬಳಿಕ ಮನೆಯಲ್ಲಿ ಮಾಡಬಹುದಾದ ಒಂದೇ ಒಂದು ಕೆಲಸವನ್ನು ಹೇಳಿ: ರಾತ್ರಿ ಊಟವಾದ ಮೇಲೆ ಐದು ನಿಮಿಷ ಮಗು ಓದಲಿ, ನೀವು ಕೇಳಿ, ಮುಗಿದ ಮೇಲೆ “ಏನಾತು ಹೇಳವ್ವ” ಎಂದು ಕೇಳಿ. ಅದಕ್ಕೆ ಅಕ್ಷರ ಬರಬೇಕಾಗಿಲ್ಲ. ಮುಂದಿನ ಸಭೆಗೆ ಬಂದಾಗ ಮೊದಲು ಆ ಐದು ನಿಮಿಷದ ವಿಷಯವನ್ನೇ ವಿಚಾರಿಸಿ, ಅಂಕದ ಮಾತನ್ನು ಆಮೇಲೆ ಎತ್ತಿ.